ಕೊಟ್ಟಿಗೆಯಲ್ಲಿದ್ದ ಕರೆಂಟು ಗಿಟಾರು

ನಮ್ಮ ಮನೆಯ ಗಂಡಸರಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ನನ್ನದು ಹಾಲು ಉಕ್ಕಿದ ಹಾಗೆ, ಉಕ್ಕಿ ಒಲೆ ಕೆಡಿಸಿ ತಣ್ಣಗಾಗುತ್ತದೆ. ಅಪ್ಪನದು ಹಾಗಲ್ಲ. ಅಪ್ಪ ಕೂಗಾಡುತ್ತಿರಲಿಲ್ಲ, ಮಾತು ನಿಲ್ಲಿಸುತ್ತಿದ್ದ. ನಾನು ಮಂಡ್ಯದಿಂದ ಹಳೆಯ ಗಿಟಾರೊಂದನ್ನು ಕೊಂಡು ತಂದ ವರ್ಷ, ಸಂಕ್ರಾಂತಿ ಕಳೆದ ಮೇಲೆ ನಿಂತ ಮಾತು, ಆ ಗಿಟಾರಿನ ಮಟ್ಟಿಗೆ, ದಸರೆಯವರೆಗೂ ನಿಂತೇ ಇತ್ತು.

ಎಪ್ಪತ್ತರ ದಶಕದ ನಡುವಿನ ಸಂಗತಿ ಇದು. ನಾನಾಗ ಮದ್ದೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ನಮ್ಮೂರು ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿದೆ. ಬೆಳಿಗ್ಗೆ ರಾಗಿರೊಟ್ಟಿ ತಿಂದು ಬಸ್ಸು ಹತ್ತಿದರೆ ಸಂಜೆ ಅದೇ ಬಸ್ಸಿನಲ್ಲಿ ಅದೇ ಕಂಡಕ್ಟರನ ಅದೇ ಗೊಣಗಾಟ ಕೇಳಿಕೊಂಡು ಬಂದು ಇಳಿಯುವುದು. ಗಿಟಾರಿನ ಹುಚ್ಚು ಹತ್ತಿದ್ದು ಇದಕ್ಕೂ ಮೊದಲು, ಮಂಡ್ಯದಲ್ಲಿ ಕಾಲೇಜು ಓದುವಾಗ. ಹಾಸ್ಟೆಲ್ಲಿನಲ್ಲಿ ನನ್ನ ಕೋಣೆಯಲ್ಲೇ ಇದ್ದ ಒಬ್ಬನ ಬಳಿ ಗಿಟಾರಿತ್ತು. ಧಾರಾಳಿ ಮನುಷ್ಯ, ಆದರೆ ಕಲಿಸುವ ತಾಳ್ಮೆ ಇಲ್ಲ. ಅವನು ಬಾರಿಸುವಾಗ ಬೆರಳು ಎಲ್ಲೆಲ್ಲಿ ಒತ್ತುತ್ತಾನೆಂದು ನೋಡಿಟ್ಟುಕೊಂಡು, ಅವನು ಬಟ್ಟೆ ಒಗೆಯಲು ಹೋದಾಗ ನಾನು ಒತ್ತಿ ನೋಡುತ್ತಿದ್ದೆ. ಅವನಿಗೆ ಬಟ್ಟೆಯ ಶುಚಿ ಬಹಳವಾಗಿದ್ದರಿಂದ ಪರೀಕ್ಷೆ ಮುಗಿಯುವ ಹೊತ್ತಿಗೆ ನನಗೆ ನಾಲ್ಕಾರು ಸಿನಿಮಾ ಹಾಡು ತಕ್ಕಮಟ್ಟಿಗೆ ಬರುತ್ತಿದ್ದವು.

ನೌಕರಿ ಸಿಕ್ಕಿದ ಮೇಲೆ ಸ್ವಂತದ್ದೊಂದು ಬೇಕು ಅನ್ನಿಸಿತು. ಹೊಸದರ ಮಾತು ಬಿಡಿ, ಅದು ಬೆಂಗಳೂರಿನ ಅಂಗಡಿಗಳ ಗಾಜಿನ ಮುಂದೆ ನಿಂತು ನೋಡಿ ಬರುವ ವಸ್ತು. ಮಂಡ್ಯದಲ್ಲಿ ಆರ್ಕೆಸ್ಟ್ರಾದವರೊಬ್ಬರು ಊರು ಬಿಟ್ಟು ಹೋಗುತ್ತಿದ್ದಾರೆ, ಗಿಟಾರು ಮಾರುತ್ತಾರಂತೆ ಎಂಬ ಸುದ್ದಿ ತಂದವನು ನನ್ನ ಸ್ನೇಹಿತ. ಮದ್ದೂರಿನ ಬಸ್‌ಸ್ಟ್ಯಾಂಡಿನ ಹತ್ತಿರ ಅವನದೊಂದು ರೇಡಿಯೊ ರಿಪೇರಿ ಅಂಗಡಿ ಇತ್ತು. ಮದುವೆಗೂ ನಾಟಕಕ್ಕೂ ಮೈಕ್‌ಸೆಟ್ಟು ಬಾಡಿಗೆಗೆ ಕೊಡುತ್ತಿದ್ದ. ಊರೂರಿನ ಸುದ್ದಿಯೆಲ್ಲ ಅವನ ಮೈಕಿನಿಂದ ಹೊರಗೆ ಹೋಗುವುದಕ್ಕಿಂತ ಹೆಚ್ಚಾಗಿ ಅವನ ಕಿವಿಯ ಮೂಲಕ ಒಳಗೆ ಬರುತ್ತಿತ್ತು.

ಒಂದು ಶನಿವಾರ ಇಬ್ಬರೂ ಮಂಡ್ಯಕ್ಕೆ ರೈಲು ಹತ್ತಿದೆವು. ಕಬ್ಬು ಅರೆಯುವ ಕಾಲ, ಊರಿಗೆ ಊರೇ ಕಾಕಂಬಿಯ ವಾಸನೆ. ಮಾರುವವರು ಪೇಟೆಯ ಒಂದು ಓಣಿಯಲ್ಲಿ, ಮಹಡಿಯ ಕೋಣೆಯಲ್ಲಿದ್ದರು. ಪೆಟ್ಟಿಗೆ ಹಾಸಿಗೆ ಎಲ್ಲ ಕಟ್ಟಿ ಮೂಲೆಗೆ ಸೇರಿಸಿ, ಗಿಟಾರೊಂದನ್ನು ಮಾತ್ರ ಹೊರಗಿಟ್ಟುಕೊಂಡು ಕಾಯುತ್ತಿದ್ದರು.

ನೋಡಲು ಮಾಮೂಲಿ ಮರದ ಗಿಟಾರೇ. ಆದರೆ ಹೊಟ್ಟೆಯೊಳಗೆ ನಾದ ಹಿಡಿಯುವ ಒಂದು ಪುಟ್ಟ ಬಿಲ್ಲೆ, ಪಿಕಪ್ಪು ಅನ್ನುತ್ತಾರೆ, ಕೂರಿಸಿದ್ದರು. ಪಕ್ಕೆಯ ತೂತಿಗೆ ವೈರು ಚುಚ್ಚಿದರೆ ಸ್ಪೀಕರಿನಲ್ಲಿ ಮೊಳಗುತ್ತದೆ. ಚುಚ್ಚದಿದ್ದರೂ ತನ್ನಷ್ಟಕ್ಕೆ ನುಡಿಯುತ್ತದೆ. ಕರೆಂಟು ಯಾವಾಗ ಬಂದು ಯಾವಾಗ ಹೋಗುತ್ತದೋ ತಿಳಿಯದ ನಮ್ಮ ಸೀಮೆಗೆ ಹೇಳಿ ಮಾಡಿಸಿದ ವಾದ್ಯ. ಆ ಮಹಾನುಭಾವರು ಕಣ್ಣು ಮುಚ್ಚಿ ಒಂದು ಹಾಡು ಬಾರಿಸಿದರು ನೋಡಿ, ನನಗೆ ಮೈ ಜುಮ್ಮೆಂದಿತು. ಬಾರಿಸುವಾಗ ಬಲಗೈಯ ಅಂಗೈಯನ್ನು ಗಿಟಾರಿನ ಮೇಲೆ ಒತ್ತಿ ಹಿಡಿದಿದ್ದರು. ಅದೂ ಒಂದು ಶೈಲಿ ಇರಬೇಕು ಎಂದುಕೊಂಡೆ.

"ವೈರ್ ಚುಚ್ಚಿ ಒಂದ್ಸಲ ಕೇಳ್ಬೋದಾ ಸಾರ್?" ಎಂದು ನನ್ನ ಸ್ನೇಹಿತ ಕೇಳಿದ.

"ಕರೆಂಟಿಲ್ವಲ್ಲಪ್ಪ," ಎಂದರು ಅವರು. ನಿಜವಾಗಿಯೂ ಇರಲಿಲ್ಲ. ದೇವರೇ ಅವರ ಕಡೆ ಇದ್ದ.

ಹೊತ್ತುಕೊಂಡು ಬಂದೆವು. ವಾಪಸು ರೈಲಿನಲ್ಲಿ ನಾನು ತಂತಿ ಮೀಟಿದಾಗ ಗಿಟಾರಿನ ಹೊಟ್ಟೆಯ ಮೇಲೆ ಏನೋ ಎದ್ದು ಕೂತಿತು. ತಂತಿಗಳನ್ನು ಹೊತ್ತು ನಿಲ್ಲುವ ಮರದ ಪಟ್ಟಿ ಇರುತ್ತದಲ್ಲ, ವೀಣೆಯವರು ಕುದುರೆ ಅನ್ನುತ್ತಾರೆ, ಅದು ಒಂದು ಕಡೆ ಅಂಟು ಬಿಟ್ಟು ಬಾಯಿ ತೆರೆದಿತ್ತು. ಅಂಗೈ ಒತ್ತುವ ಶೈಲಿ ಏನೆಂದು ಆಗ ತಿಳಿಯಿತು. ಹಿಂಬದಿಯಲ್ಲಿ ಬಣ್ಣದ ಕೆಳಗೆ ಉದ್ದಕ್ಕೆ ಒಂದು ಸೀಳೂ ಇತ್ತು. ನನಗೆ ಉರಿದುಹೋಯಿತು. ಚೈನು ಎಳೆದು ಇಳಿದು ಹೋಗಿ ಅವರ ಕೊರಳಪಟ್ಟಿ ಹಿಡಿಯುತ್ತೇನೆ ಎಂದೆ.

"ಕುಂತ್ಕಳ್ಳಲೇ," ಎಂದ ಸ್ನೇಹಿತ. "ಅಳೇದು ಅಂತ ತಾನೆ ತಕ್ಕಂಡಿದ್ದು? ಅಳೇದ್ರಲ್ಲಿ ವಸಿ ಓಗಿರ್ತದೆ, ವಸಿ ಉಳ್ದಿರ್ತದೆ. ಓಗಿರದ್ನ ನಾವು ಮಾಡ್ಕಳವ, ಬುಡು."

ಮನೆಗೆ ಬಂದಾಗ ಅಪ್ಪ ಜಗಲಿಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ಗಿಟಾರಿಗೆ ಸುತ್ತಿದ್ದ ಬಟ್ಟೆ ಬಿಚ್ಚಿ ತೋರಿಸಿದೆ. ಎತ್ತು ಕೊಳ್ಳಲು ಹೋದವನು ನೋಡುವ ಹಾಗೆ ಸುತ್ತ ಒಂದು ಸಲ ನೋಡಿದ. ಎತ್ತಿನ ವಿಷಯದಲ್ಲಿ ಅಪ್ಪನದು ಸುತ್ತಲ ಹಳ್ಳಿಗಳಲ್ಲಿ ಕಡೇ ಮಾತು. ಹಲ್ಲು ಹಿಡಿದು, ಮೈಮೇಲಿನ ಸುಳಿ ನೋಡಿ, ನಡೆಸಿ ನೋಡಿ, ಆಮೇಲೆ ಬಾಯಿ ಬಿಡುತ್ತಿದ್ದ.

"ಸುಳಿ ನೋಡಿ ತಂದ್ಯೇನ್ಲಾ, ಇಲ್ಲ ಕೊಂಬು ಕಂಡೇಟ್ಗೆ ಇಡ್ಕಂಡು ಬಂದ್ಯಾ?" ಎಂದ.

ಬಾಯಿ ತೆರೆದ ಕುದುರೆಯನ್ನು ನಾನು ಅಂಗೈಯಿಂದ ಮುಚ್ಚಿಕೊಂಡೆ. ಮಂಡ್ಯದ ಶೈಲಿ ನನಗೂ ಬಂದುಬಿಟ್ಟಿತ್ತು.

"ಏನ್ ಗೇಯ್ತದೆ ಇದು?" ಎಂದು ಅಪ್ಪ ಮತ್ತೆ ಕೇಳಿದ.

"ಬಾರ್ಸದು ಕಣಪ್ಪ. ಆಡು ಬಾರ್ಸದು."

"ಅದಾಯ್ತು. ಏನ್ ಗೇಯ್ತದೆ ಅಂದೆ."

ಅಪ್ಪ ಹಗ್ಗದ ಕಡೆ ತಿರುಗಿ, "ಗೇಯ್ದೆ ಇರೋದ್ನೆಲ್ಲ ನಮ್ಮಟ್ಟಿ ಒಳಕ್ಕೆ ತರಬ್ಯಾಡ. ಕೊಟ್ಗೇಲಿ ಮಡುಗು," ಎಂದ. ಅಟ್ಟಿ ಎಂದರೆ ನಮ್ಮ ಕಡೆ ಮನೆ. ಆ ಮನೆಯೊಳಗೆ ಗೇಯುವ, ಎಂದರೆ ದುಡಿಯುವ, ವಸ್ತುವಿಗೆ ಮಾತ್ರ ಜಾಗ. ಅಷ್ಟಕ್ಕೇ ಮಾತು ನಿಂತಿತು.

ಅಪ್ಪನಿಗೆ ಸಂಗೀತ ಕಂಡರಾಗದು ಎಂದು ಯಾರೂ ತಿಳಿಯಬಾರದು. ನಮ್ಮೂರಿನ ಪೌರಾಣಿಕ ನಾಟಕಗಳಲ್ಲಿ ಗದೆ ಹೊರುವ ಪಾತ್ರ ಅಪ್ಪನಿಗೇ ಮೀಸಲು. ಹಾರ್ಮೋನಿಯಂ ಮೇಷ್ಟ್ರು ಊರಿಗೆ ಬಂದರೆ ಊಟ ನಮ್ಮ ಮನೆಯಲ್ಲೇ, ಅವರ ಪೆಟ್ಟಿಗೆಯನ್ನು ಬಸ್ಸಿನಿಂದ ಹೊತ್ತು ತರುತ್ತಿದ್ದವನೂ ಅಪ್ಪನೇ. ಆದರೆ ಹಾರ್ಮೋನಿಯಂ ಗೇಯುತ್ತದೆ. ಅದಿಲ್ಲದೆ ನಾಟಕ ಏಳುವುದಿಲ್ಲ. ನನ್ನ ಗಿಟಾರು ಏನು ಏಳಿಸುತ್ತದೆ? ಬೇಕಾದರೆ ಕಿತ್ತು ಎಸೆದಿದ್ದರೂ ನಾನು ಜಗಳವಾಡಿ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಅಪ್ಪ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಅದು ನನ್ನ ಎದೆಯಲ್ಲಿ ಮುಳ್ಳಾಗಿ ಕೂತಿತು. ಅಪ್ಪ ಒಂದು ದಿನ ತಾನಾಗಿಯೇ ಆ ಗಿಟಾರನ್ನು ಹೊಸ್ತಿಲು ದಾಟಿಸಿ ಒಳಗೆ ತರಬೇಕು. ನನಗೆ ಬೇಕಾಗಿದ್ದದ್ದು ಅಷ್ಟೇ.

ಮೊದಲು ಅದು ಸರಿಯಾಗಬೇಕಿತ್ತಲ್ಲ. ಮುಂದಿನ ಭಾನುವಾರ ಮದ್ದೂರಿನ ಆಚಾರಿಯ ಬಳಿಗೆ ಒಯ್ದೆವು. ಗಾಡಿ, ನೇಗಿಲು, ಬಾಗಿಲು ಮಾಡುವವನು. ಅವನಷ್ಟು ಬಡಾಯಿ ಕೊಚ್ಚುವ ಮನುಷ್ಯನನ್ನು ನಾನು ಕಂಡಿಲ್ಲ. "ಗಾಡಿ ಚಕ್ರ ಕಟ್ಟೋನ್ಗೆ ಇದ್ಯಾವ್ ಲೆಕ್ಕ ಸೋಮಿ," ಎಂದವನೇ ಸುತ್ತಿಗೆ ತೆಗೆದುಕೊಂಡು, ಬಾಯಲ್ಲಿ ಎರಡು ಮೊಳೆ ಕಚ್ಚಿಕೊಂಡು, ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡ.

ನನ್ನ ಹಾಲು ಉಕ್ಕಿತು. "ಮೊಳೆ ಹೊಡೆದರೆ ನಿನ್ನ ಅಂಗಡಿಗೆ ಬೆಂಕಿ ಇಡ್ತೀನಿ," ಎಂದು ಕೂಗಿದೆ. ಅವನೂ ಸುಮ್ಮನೆ ಬಿಡುವವನಲ್ಲ. "ನಿಂಗೇ ಗೊತ್ತಿದ್ಮೇಲೆ ಇಲ್ಗ್ಯಾಕ್ ತಂದೆ? ಮೊಳೆ ಇಲ್ದೆ ಯಾವ್ ಮರ ನಿಂತದೆ?" ಎಂದು ಅವನೂ ಕೂಗಿದ. ಬೀದಿಯವರು ಬಂದು ನಿಂತರು. ಸ್ನೇಹಿತ ನಡುವೆ ಬಂದು ಒಂದು ಒಪ್ಪಂದ ಮಾಡಿಸಿದ: ಮೊಳೆ ಬೇಡ, ಅಂಟು ಹಾಕುವುದು, ನಿಲ್ಲದಿದ್ದರೆ ಆಮೇಲೆ ಮೊಳೆಯ ಮಾತು.

ಆಚಾರಿ ಗೊಣಗುತ್ತಲೇ ತಗಡಿನ ಡಬ್ಬಿಯಲ್ಲಿ ಕಂದು ಬಣ್ಣದ ಅಂಟು ಕಾಯಿಸಿದ. ಅದರ ವಾಸನೆಗೆ ಸ್ನೇಹಿತ ಬೀದಿಗೆ ಓಡಿದ. ಹಿಂಬದಿಯ ಸೀಳಿಗೆ ಅದನ್ನು ತುಂಬಿ, ಕುದುರೆಯ ಹಳೆಯ ಅಂಟನ್ನು ಉಳಿಯಿಂದ ಕೆರೆದು, ಹೊಸದನ್ನು ಸವರಿ, ಪಟ್ಟಿಯನ್ನು ಕೂರಿಸಿ, ಒತ್ತಲು ಭಾರ ಬೇಕೆಂದು ಮನೆಯೊಳಗಿನಿಂದ ರುಬ್ಬುವ ಗುಂಡುಕಲ್ಲನ್ನೇ ಹೊತ್ತು ತಂದು, ಗೋಣಿ ಸುತ್ತಿ ಮೇಲಿಟ್ಟ. ಅವನ ಹೆಂಡತಿ ಬಾಗಿಲಿಗೆ ಬಂದು ನಿಂತು, ಕಲ್ಲು ಕೊಡದಿದ್ದರೆ ಸಾರಿಗೆ ಖಾರ ಅರೆಯುವುದು ತನ್ನ ತಲೆಯ ಮೇಲಾ ಎಂದು ಕೇಳಿದಳು. ಅಂಟು ಒಣಗುವವರೆಗೆ ಆ ಮನೆಯಲ್ಲಿ ಬರೀ ಉಪ್ಪು ಮೆಣಸಿನ ಊಟವಾಗಿರಬೇಕು.

ಗಿಟಾರು ವಾಪಸು ಕೊಡುವಾಗ ಆಚಾರಿ ಹೇಳಿದ: "ಇನ್ನು ಎತ್ತು ಕಟ್ಟಿ ಎಳುದ್ರೂ ಬರಾಕಿಲ್ಲ. ಒಂದೇ ಮಾತು, ಈ ಅಂಟಿಗೆ ನೀರು ತೋರುಸ್ಬ್ಯಾಡಿ. ನೀರು ಕಂಡ್ರೆ ಕರಗೋಯ್ತದೆ."

ಗಿಟಾರಿಗೆ ಯಾರಾದರೂ ನೀರು ಹಾಕುತ್ತಾರೆಯೇ ಎಂದು ನಾನು ನಕ್ಕೆ. ಮನೆಯಲ್ಲಿ ಈ ಮಾತನ್ನು ಹೇಳಬೇಕೆಂದೂ ತೋಚಲಿಲ್ಲ.

ಕರೆಂಟಿನ ಭಾಗ ಸ್ನೇಹಿತನದು. ಪಿಕಪ್ಪಿನ ವೈರು ಒಳಗೆ ತುಂಡಾಗಿತ್ತು. ಗಿಟಾರಿನ ಬಾಯೊಳಗೆ ಕೈ ಹಾಕಲು ಅವನ ದಪ್ಪ ಮುಂಗೈ ಹಿಡಿಸದೆ, ನಾನು ಕೈ ಹಾಕಿ ಹಿಡಿದುಕೊಳ್ಳುವುದು, ಅವನು ಇಕ್ಕಳದಲ್ಲಿ ಎಳೆದು ಬೆಸುಗೆ ಹಾಕುವುದು. ಒಂದು ಸಲ ಬೆಸುಗೆಯ ಕಡ್ಡಿ ನನ್ನ ಹೆಬ್ಬೆರಳಿಗೇ ತಾಗಿತು. ಬೈದೆ. ಅವನೂ ಬೈದ. ಮೈಸೂರಿನಿಂದ ಹೊಸ ತಂತಿ ತಂದು ಬಿಗಿದೆವು. ಅಂಗಡಿಯಲ್ಲಿ ರಿಪೇರಿಗೆ ಬಂದಿದ್ದ ಯಾರದೋ ದೊಡ್ಡ ರೇಡಿಯೊದ ಹಿಂಬದಿಗೆ ವೈರು ಸಿಕ್ಕಿಸಿ, "ಈಗ ಬಾರ್ಸಲೇ," ಎಂದ.

ಬಾರಿಸಿದೆ. ರೇಡಿಯೊ ಮೊದಲು ಗುಂಯ್ ಎಂದಿತು, ಆಮೇಲೆ ನನ್ನ ಆರು ತಂತಿ ಮದ್ದೂರಿನ ಬಸ್‌ಸ್ಟ್ಯಾಂಡಿಗೆಲ್ಲ ಕೇಳಿಸಿತು. ಟೀ ಕುಡಿಯುತ್ತಿದ್ದ ಡ್ರೈವರೊಬ್ಬ ಲೋಟ ಹಿಡಿದುಕೊಂಡೇ ಒಳಗೆ ಬಂದು ನಿಂತ. ನನಗೆ ಅಳು ಬರುವಷ್ಟು ಖುಷಿಯಾಯಿತು. ಸ್ನೇಹಿತ ಮಾತ್ರ ತಾನೇ ಗಿಟಾರು ಕಂಡುಹಿಡಿದವನ ಹಾಗೆ ಮೀಸೆ ತಿರುವಿಕೊಂಡು ಕೂತಿದ್ದ.

ಮನೆಯಲ್ಲಿ ಅಷ್ಟು ಭಾಗ್ಯವಿಲ್ಲ. ಗಿಟಾರಿನ ಜಾಗ ಕೊಟ್ಟಿಗೆಯ ಗೂಟ, ನೊಗ ನೇತುಹಾಕುವ ಗೂಟದ ಪಕ್ಕ. ಸಂಜೆ ಕಚೇರಿಯಿಂದ ಬಂದು ಹುಲ್ಲಿನ ಮೆದೆಗೆ ಒರಗಿ ಬಾರಿಸುತ್ತಿದ್ದೆ. ಎದುರಿಗೆ ಎರಡು ಎತ್ತು, ಒಂದು ಎಮ್ಮೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎಂಬ ಗಾದೆ ಕಟ್ಟಿದವನು ನಮ್ಮ ಕೊಟ್ಟಿಗೆಗೆ ಬಂದಿರಲಿಲ್ಲ. ನಮ್ಮ ಎತ್ತುಗಳು ಕಿವಿ ನೆಟ್ಟಗೆ ಮಾಡಿಕೊಂಡು, ನಿಧಾನವಾಗಿ ಹುಲ್ಲು ಜಗಿಯುತ್ತಾ ಕೇಳುತ್ತಿದ್ದವು. ಅವ್ವ ಹಾಲು ಕರೆಯುವ ನೆಪದಲ್ಲಿ ಬಂದು, ಕರೆದಾದ ಮೇಲೂ ಚೊಂಬು ಹಿಡಿದು ಕೂತಿರುತ್ತಿದ್ದಳು. ಅಪ್ಪ ಮಾತ್ರ ನಾನು ತಂತಿ ಮುಟ್ಟಿದ ಕೂಡಲೇ ನಾಲೆಯ ಕಡೆ ನೀರು ನೋಡಲು ಹೋಗುತ್ತಿದ್ದ. ನಮ್ಮ ಗದ್ದೆಯಷ್ಟು ನೀರಿನ ಉಪಚಾರ ಆ ವರ್ಷ ಇನ್ಯಾವ ಗದ್ದೆಗೂ ಸಿಕ್ಕಿರಲಾರದು.

ಬೇಸಿಗೆಯಲ್ಲಿ ಮಳವಳ್ಳಿಯಲ್ಲಿ ಒಂದು ಮದುವೆ. ಮೈಕ್‌ಸೆಟ್ಟು ನನ್ನ ಸ್ನೇಹಿತನದು. ಅಲ್ಲಿಗೆ ಬರಬೇಕಿದ್ದ ಹಾಡುಗಾರರ ತಂಡದಲ್ಲಿ ಗಿಟಾರಿನವರು ಇಲ್ಲ ಎಂದು ಗೊತ್ತಾದದ್ದೇ ನನ್ನನ್ನು ಎಳೆದುಕೊಂಡು ಹೋದ. ಎರಡನೆಯ ಹಾಡಿನ ಹೊತ್ತಿಗೆ ಕರೆಂಟು ಹೋಯಿತು. ಮೈಕು ಸತ್ತಿತು, ಸ್ಪೀಕರು ಸತ್ತಿತು, ಚಪ್ಪರದಲ್ಲಿ ಗದ್ದಲ ಎದ್ದಿತು. ನನ್ನ ಗಿಟಾರಿಗೆ ಏನಾಗಬೇಕು? ವೈರು ಕಿತ್ತೆಸೆದು ಹೆಣ್ಣು ಗಂಡಿನ ಹತ್ತಿರ ಹೋಗಿ ನಿಂತು ಬಾರಿಸಿದೆ. ಹಾಡುವವರು ಬರಿಗೊರಳಿನಲ್ಲೇ ಹಾಡಿದರು, ಹೆಂಗಸರು ತಾಳ ಹಾಕಿದರು. ಹೊರಡುವಾಗ ಮದುವೆ ಮನೆಯ ಯಜಮಾನರು ನನ್ನನ್ನು ಕೂರಿಸಿ, ಎಲೆ ಅಡಿಕೆ, ತೆಂಗಿನಕಾಯಿ, ಒಂದು ಟವಲು ಮಡಿಲಿಗೆ ಹಾಕಿ ಕೈ ಮುಗಿದರು.

ಅವ್ವ ಆ ತೆಂಗಿನಕಾಯಿಯನ್ನು ಒಯ್ದು ಅಪ್ಪನ ಮುಂದಿಟ್ಟಳು. "ಮದ್ವೆ ಮನೇವ್ರು ಕೊಟ್ಟವ್ರೆ, ಇವ್ನು ಬಾರ್ಸುದ್ದಕ್ಕೆ," ಎಂದಳು. ಅಪ್ಪ ಕಾಯಿಯನ್ನು ಕಿವಿಯ ಬಳಿ ಹಿಡಿದು ಕುಲುಕಿ ನೋಡಿದ. "ಕಾಯಿ ಬಲ್ತದೆ," ಎಂದು ಹೇಳಿ ಕೆಳಗಿಟ್ಟ.

ಮಳೆಗಾಲದಲ್ಲಿ ನನಗೆ ಜ್ವರ ಬಂದು ಕೆಲವು ದಿನ ಕೊಟ್ಟಿಗೆಯ ಕಡೆ ಹೋಗಲಿಲ್ಲ. ಒಂದು ಸಂಜೆ ಅಪ್ಪ ನನ್ನ ಚಾಪೆಯ ಬಳಿ ಬಂದು ನಿಂತು, ಗೋಡೆ ನೋಡಿಕೊಂಡು, "ಎತ್ತು ಸರಿಯಾಗಿ ಉಲ್ಲು ಮುಟ್ತಿಲ್ಲ," ಎಂದ.

"ಏನಾಗದಪ್ಪ ಅವ್ಕೆ?"

"ಏನೂ ಆಗಿಲ್ಲ. ನೀನು ಅದೇನೋ ಕುಯ್ತಿದ್ಯಲ್ಲ, ಅದು ಅಭ್ಯಾಸ ಆಗೋಗದೆ ಅವ್ಕೆ. ವಾಸಿಯಾದೇಟ್ಗೆ ವಸಿ ಓಗಿ ಕೂತ್ಕೊ." ಇಷ್ಟು ಹೇಳಿ ಹೊರಟುಹೋದ. ಮುಸುಕಿನೊಳಗೆ ನಾನು ನಕ್ಕದ್ದು ಅವ್ವನಿಗೆ ಕೆಮ್ಮಿನ ಹಾಗೆ ಕೇಳಿಸಿ ಕಷಾಯ ತಂದುಕೊಟ್ಟಳು.

ಆಯುಧಪೂಜೆ ಬಂತು. ಒಕ್ಕಲು ಮನೆಯಲ್ಲಿ ಅದು ಸಾಮಾನುಗಳ ಹಬ್ಬ. ವರ್ಷವೆಲ್ಲ ನಮಗಾಗಿ ಸವೆದ ನೇಗಿಲು, ನೊಗ, ಕುಡುಗೋಲು, ಗುದ್ದಲಿ, ಮಚ್ಚು, ಒನಕೆ, ಅಳೆಯುವ ಸೇರು, ಸೈಕಲ್ಲು, ಎಲ್ಲವನ್ನೂ ತಿಕ್ಕಿ ತೊಳೆದು, ವಿಭೂತಿ ಬಳಿದು ಕುಂಕುಮ ಇಟ್ಟು, ಹೂ ಮುಡಿಸಿ, ನಡುಮನೆಯಲ್ಲಿ ಸಾಲಾಗಿ ಜೋಡಿಸಿ ಪೂಜೆ. ಮರುದಿನದವರೆಗೆ ಯಾವುದನ್ನೂ ಮುಟ್ಟುವಂತಿಲ್ಲ. ತೊಳೆಯುವ ಕೆಲಸ ಅಪ್ಪ ಬೇರೆ ಯಾರಿಗೂ ಬಿಡುತ್ತಿರಲಿಲ್ಲ. ಪೂಜೆಗೆ ಏನು ಕೂರಬೇಕು ಎನ್ನುವುದೂ ಅಪ್ಪನದೇ ತೀರ್ಮಾನ. ಹಿಂದಿನ ವರ್ಷ ನಮ್ಮ ಭಾವ ತಮ್ಮ ಟ್ರಾನ್ಸಿಸ್ಟರನ್ನು ತಂದಿಟ್ಟಾಗ, "ಇದು ಕುಂತು ಮಾತಾಡದು ಬುಟ್ರೆ ಏನ್ ಮಾಡ್ತದೆ?" ಎಂದು ಎತ್ತಿ ಹೊರಗಿಟ್ಟಿದ್ದ.

ಆ ದಿನ ಬೆಳಿಗ್ಗೆ ನಾನು ಮದ್ದೂರಿಗೆ ಹೋಗಿದ್ದೆ, ಸ್ನೇಹಿತನ ಅಂಗಡಿಯ ಪೂಜೆಗೆ. ಕಡ್ಲೆಪುರಿ ತಿಂದು, ಕುಂಬಳಕಾಯಿ ಒಡೆದದ್ದು ನೋಡಿ, ಮಧ್ಯಾಹ್ನದ ಹೊತ್ತಿಗೆ ಮನೆಗೆ ಬಂದೆ. ಅಂಗಳದಲ್ಲಿ ಸಾಮಾನುಗಳೆಲ್ಲ ಸ್ನಾನ ಮಾಡಿ ಬಿಸಿಲು ಕಾಯಿಸುತ್ತಿದ್ದವು. ನೇಗಿಲು, ಅದರ ಪಕ್ಕ ಗುದ್ದಲಿ, ಅದರ ಪಕ್ಕ ಗೋಡೆಗೆ ಒರಗಿ ನನ್ನ ಗಿಟಾರು. ಮೈಯೆಲ್ಲ ಒದ್ದೆ. ಹಣೆಯ ಜಾಗದಲ್ಲಿ ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ. ತಂತಿ ತಿರುಗಿಸುವ ಕಿವಿಗಳಿಗೆಲ್ಲ ಒಂದೊಂದು ಚೆಂಡುಹೂ. ವೈರು ಚುಚ್ಚುವ ತೂತಿನಿಂದ ನೀರು ತೊಟ್ಟಿಕ್ಕುತ್ತಿತ್ತು.

ಅಪ್ಪ ಪಂಚೆ ಎತ್ತಿ ಕಟ್ಟಿ, ಕೈಯಲ್ಲಿ ತೆಂಗಿನ ನಾರು ಹಿಡಿದು ನಿಂತಿದ್ದ. ತಿಂಗಳುಗಟ್ಟಲೆ ಅದರ ಸುದ್ದಿ ಎತ್ತದಿದ್ದವನು ಈಗ ಬಾಯಿ ತುಂಬ ಮಾತನಾಡಿದ.

"ನೋಡ್ಲಾ, ಎಂಗದೆ ಈಗ! ಎಷ್ಟ್ ಕೊಳೆ ಇತ್ತು ಅಂತೀಯ. ಮೇಲ್ಗಡೆ ಸೀಗೆಪುಡಿ ಆಕಿ ಉಜ್ದೆ. ಒಳ್ಗಡೆ ಜೇಡ ಗೂಡು ಕಟ್ಬುಟ್ಟಿತ್ತು ಕಣ್ಲಾ, ನಾರು ಓಗಾಕಿಲ್ಲ. ಎರಡು ಚೊಂಬು ನೀರು ಉಯ್ದು ಚೆನ್ನಾಗಿ ಕುಲುಕಿ ಚೆಲ್ದೆ."

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನನ್ನ ಒಳಗಿನ ಹಾಲು ಕುದ್ದು ಅಂಚಿಗೆ ಬಂತು. ಆಚಾರಿ, ಗುಂಡುಕಲ್ಲು, ಸುಟ್ಟ ಹೆಬ್ಬೆರಳು, ಎಲ್ಲ ಕಣ್ಣ ಮುಂದೆ ಬಂದವು. ಬಾಯಿ ತೆರೆದೆ. ಅಷ್ಟರಲ್ಲಿ ಅಪ್ಪ ಬಾಗಿ, ಎರಡೂ ಕೈಯಲ್ಲಿ ಗಿಟಾರನ್ನು ಎತ್ತಿಕೊಂಡು, ಮೊಮ್ಮಗುವಿನ ನೀರು ಒರೆಸುವ ಹಾಗೆ ಹೆಗಲ ವಲ್ಲಿಯಿಂದ ಅದರ ಬೆನ್ನು ಒರೆಸಿದ. ಆಮೇಲೆ ತಲೆ ತಗ್ಗಿಸಿ ಹೊಸ್ತಿಲು ದಾಟಿ ಒಳಗೆ ಹೋದ. ನಾನು ಬಾಯಿ ಮುಚ್ಚಿದೆ. ನನ್ನ ಜನ್ಮದಲ್ಲಿ ಉಕ್ಕದೆ ಇಳಿದ ಕೋಪ ಅದೊಂದೇ.

ನಡುಮನೆಯಲ್ಲಿ ನೇಗಿಲಿನ ಎಡಕ್ಕೆ, ಕುಡುಗೋಲುಗಳ ಮುಂದೆ ಅದಕ್ಕೆ ಜಾಗ ಮಾಡಿದ. ಸಾಂಬ್ರಾಣಿ ಹೊಗೆ ಎದ್ದಿತು. ಅವ್ವ ಒಬ್ಬಟ್ಟಿನ ಎಡೆ ಇಟ್ಟಳು. ನಾನು ಕೈ ಮುಗಿದು ನಿಂತಿದ್ದೆ, ಆದರೆ ಕಣ್ಣು ಗಿಟಾರಿನ ಕುದುರೆಯ ಮೇಲೆಯೇ. ಅಂಟು ನೀರು ಕುಡಿದಿದೆ, ತಂತಿಗಳು ಬಿಗಿದಿವೆ, ಎಳೆತ ಸಾಗುತ್ತಿದೆ. ತಂತಿ ಸಡಿಲಿಸೋಣವೆಂದರೆ ಪೂಜೆಗೆ ಕೂತದ್ದನ್ನು ಮುಟ್ಟುವಂತಿಲ್ಲ. ಪೂಜೆ ಮುಗಿಯುವವರೆಗಾದರೂ ತಡೆ ತಾಯಿ ಎಂದು ಬೇಡಿಕೊಂಡೆ. ಅಪ್ಪ ಗಂಟೆ ಬಾರಿಸುತ್ತಾ ಮಂಗಳಾರತಿ ಎತ್ತಿದ. ತಟ್ಟೆ ನೇಗಿಲಿನ ಮುಂದೆ ಒಂದು ಸುತ್ತು ಬಂತು, ಗಿಟಾರಿನ ಮುಂದೆ ಬಂತು.

ಟಪ್ ಎಂದಿತು. ಹಿಂದೆಯೇ ಆರೂ ತಂತಿಗಳು ಝೊಂಯ್ ಎಂದು ಒಟ್ಟಿಗೆ ಕೂಗಿದವು.

ಅವ್ವ ಅಲ್ಲೇ ಅಡ್ಡಬಿದ್ದಳು. "ನನ್ ತಾಯಿ ಸರಸೋತಿ ನುಡುದ್ಲು ಕಣಪ್ಪಾ!" ಎಂದು ಗಲ್ಲ ಗಲ್ಲ ಬಡಿದುಕೊಂಡಳು. ಅಪ್ಪನ ಕೈಯಲ್ಲಿ ಗಂಟೆ ನಿಂತಿತು. ಅಪ್ಪ ಮೊದಲು ಗಿಟಾರನ್ನು ನೋಡಿದ. ಕುದುರೆ ಕಿತ್ತುಬಂದು ತಂತಿಗಳಿಗೆ ಜೋತುಬಿದ್ದಿತ್ತು. ಆಮೇಲೆ ನನ್ನ ಮುಖ ನೋಡಿದ. ಎತ್ತಿನ ಸುಳಿ ಕಾಣುವವನಿಗೆ ಮಗನ ಮುಖ ಕಾಣದೆ ಇರುತ್ತದೆಯೇ? ಮಂಗಳಾರತಿಯನ್ನು ಪೂರ್ತಿ ಮಾಡಿ, ತಟ್ಟೆ ಕೆಳಗಿಟ್ಟು, ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ.

"ನೀರು ಆಗಕಿಲ್ವೇನ್ಲಾ ಅದ್ಕೆ?"

"ಆಗಕಿಲ್ಲ ಕಣಪ್ಪ. ಅಂಟು ಕರಗೋಯ್ತದೆ."

"ನೀ ಬಂದೇಟ್ಗೆ ಗೊತ್ತಾಯ್ತಾ?"

"ಗೊತ್ತಾಯ್ತು."

"ಆಗ್ಲೇ ಯೋಳಕ್ಕೇನ್ಲಾ ದಾಡಿ ನಿಂಗೆ? ಬಿಸ್ಲಲ್ಲಾದ್ರೂ ಒಣಗುಸ್ಬೋದಿತ್ತಲ್ಲ."

"ಯೋಳಿದ್ರೆ ನೀನು ಒಳಕ್ಕೆ ತತ್ತಿರ್ಲಿಲ್ಲ," ಎಂದೆ.

ಅಪ್ಪ ಹೆಗಲ ವಲ್ಲಿ ತೆಗೆದು ಒಮ್ಮೆ ಮುಖ ಒರೆಸಿಕೊಂಡ. ಊಟಕ್ಕೆ ಕೂತಾಗ ತನ್ನ ಎಲೆಯ ಒಬ್ಬಟ್ಟೊಂದನ್ನು ತೆಗೆದು ನನ್ನ ಎಲೆಗೆ ಹಾಕಿದ. ನನ್ನ ಎಲೆಯಲ್ಲಿ ಆಗಲೇ ಎರಡಿದ್ದವು.

ಮರುದಿನ ವಿಜಯದಶಮಿ. ನಾನು ಏಳುವ ಹೊತ್ತಿಗೆ ಅಪ್ಪ ಸ್ನಾನ ಮುಗಿಸಿ, ಪೂಜೆ ಎತ್ತಿ, ಗಿಟಾರಿನ ಹೂವುಗಳನ್ನು ಒಂದೊಂದಾಗಿ ಬಿಡಿಸಿ ಅವ್ವನ ಕೈಗೆ ಕೊಟ್ಟಿದ್ದ. ತನ್ನ ಹಬ್ಬದ ಪಂಚೆಯಲ್ಲಿ ಅದನ್ನು ಸುತ್ತಿಕೊಂಡು ನನಗಿಂತ ಮೊದಲೇ ಬಸ್ಸಿಗೆ ಹೋಗಿ ನಿಂತ. ನಾನು ಹಿಡಿದುಕೊಳ್ಳುತ್ತೇನೆಂದರೆ ಕೊಡಲಿಲ್ಲ. ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡು, ಬಸ್ಸು ಗುಂಡಿಗೆ ಬಿದ್ದಾಗಲೆಲ್ಲ ಮೇಲಕ್ಕೆ ಎತ್ತಿ ಹಿಡಿಯುತ್ತಿದ್ದ. ಕಂಡಕ್ಟರು ಅದೇನು ಗೌಡರೇ ಎಂದು ಕೇಳಿದ್ದಕ್ಕೆ ಕಿಟಕಿಯ ಆಚೆ ಕಬ್ಬು ನೋಡಿದ.

ಆಚಾರಿಯೂ ಆಗ ತಾನೇ ಪೂಜೆ ಎತ್ತಿ, ಕುಂಕುಮ ಹಚ್ಚಿದ ಉಳಿ ಸುತ್ತಿಗೆಗಳ ಮುಂದೆ ಹಬ್ಬದ ಮೊದಲ ಕೆಲಸಕ್ಕೆ ಕಾದು ಕೂತಿದ್ದ. ಅಪ್ಪ ಗಿಟಾರಿಗೆ ಸುತ್ತಿದ್ದ ಪಂಚೆ ಬಿಚ್ಚಿದ್ದೇ ತಡ, ಆಚಾರಿ ಕಣ್ಣು ಕೆಂಪಗೆ ಮಾಡಿದ. ಕಿತ್ತು ಬಂದ ಕುದುರೆ ನೋಡಿದ, ಊದಿಕೊಂಡ ಹಲಗೆ ಮುಟ್ಟಿದ, ಗಿಟಾರನ್ನು ಬಗ್ಗಿಸಿದಾಗ ಒಳಗಿನಿಂದ ಇನ್ನೂ ನಾಲ್ಕು ಹನಿ ಬಿದ್ದವು.

"ಯಾವನ್ಲಾ ಇದ್ಕೆ ನೀರು ಉಯ್ದೋನು?" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ. "ಬಾಯ್ ಬಡ್ಕಂಡು ಯೋಳಿದ್ನಲ್ಲ! ಬುದ್ಧಿ ಇರೋನು ಮಾಡೋ ಕೆಲ್ಸವಾ ಇದು?"

ಮಳೆಯಲ್ಲಿ ನನ್ನ ಕೈಯಿಂದಲೇ ನೆನೆಯಿತು ಎಂದು ಸುಳ್ಳು ಹೇಳಲು ನಾನು ಬಾಯಿ ತೆರೆಯುತ್ತಿದ್ದೆ. ಅಪ್ಪ ನನ್ನನ್ನು ಪಕ್ಕಕ್ಕೆ ಸರಿಸಿ ಮುಂದೆ ಬಂದು ನಿಂತ.

"ನಾನೇ ಕಣಯ್ಯ ಉಯ್ದೋನು," ಎಂದ. "ನಮ್ಮಟ್ಟಿ ಆಯುಧ, ನಾನು ತೊಳ್ದೆ. ನೀನು ಅಂಟಾಕು."

ಆಚಾರಿ ಅಂಟಿನ ಡಬ್ಬಿಯನ್ನು ಒಲೆಯ ಮೇಲಿಟ್ಟ. ಅಪ್ಪ ಪಂಚೆ ಮಡಿಸಿ ಹೆಗಲಿಗೆ ಹಾಕಿಕೊಂಡು, ಅದು ಕಾಯುವವರೆಗೂ ಅಲ್ಲೇ ಕುಕ್ಕರುಗಾಲಿನಲ್ಲಿ ಕೂತ.